ಹುಲ್ಯಾನ ನೆರಳು

(ಬಿ.ಎ. ನಾಲ್ಕನೆಯ ಸೆಮಿಸ್ಟರ್)

ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ನಮ್ಮ ಕನ್ನಡ ಪ್ರಾಧ್ಯಾಪಕರು ಹೇಳಿದಾಗ ನನ್ನ ಗೆಳೆಯರೆಲ್ಲರೂ ದೊಡ್ಡ ದೊಡ್ಡ ವಿಷಯಗಳನ್ನು ಹಿಡಿದರು. ಒಬ್ಬನು ವಚನಗಳಲ್ಲಿಯ ಕಾಯಕತತ್ತ್ವವನ್ನು ಆರಿಸಿಕೊಂಡನು. ಇನ್ನೊಬ್ಬನು ವಿಜಯಪುರದ ಆದಿಲಶಾಹಿ ಬಾವಡಿಗಳನ್ನು ಎತ್ತಿಕೊಂಡನು. ಮೂರನೆಯವನು ಯಾರಿಗೂ ತೋರಿಸದೆ ಒಂದು ಕವಿತೆಯನ್ನೇ ಬರೆದು ಮಡಚಿ ಕೊಟ್ಟನು. ನನ್ನ ಪಾಲಿಗೆ ಉಳಿದದ್ದು ನಾಯಿ! "ಏನಪಾ, ಬರಿಯಾಕ ನಿನಗ ಮನಷ್ಯಾರು ಸಿಗಲಿಲ್ಲೇನು?" ಎಂದು ಕೇಳಿ ನಕ್ಕರು. ನಾಯಿಗೆ ಕೆಲಸವಿಲ್ಲ, ಕೂಡ್ರಲು ಹೊತ್ತಿಲ್ಲ ಎಂಬ ಗಾದೆಯನ್ನು ನನಗೂ ಅನ್ವಯಿಸಿದರು. ನಗುವವರು ನಗಲಿ. ಈ ಬರಹವನ್ನು ಓದಿದ ಮೇಲೆ ಒಬ್ಬರಾದರೂ ತಮ್ಮ ಮನೆಯ ಹಿಂದುಗಡೆಗೆ ಹೋಗಿ ಒಮ್ಮೆ ಕಣ್ಣಾಡಿಸಿ ಬಂದರೆ ನನ್ನ ಶ್ರಮ ಸಾರ್ಥಕವೆಂದು ತಿಳಿಯುತ್ತೇನೆ. ಅಲ್ಲಿ ಏನನ್ನು ನೋಡಬೇಕೆಂಬುದು ಮುಂದೆ ತಾನಾಗಿಯೇ ತಿಳಿಯುವದು.

ನಮ್ಮೂರು ದೇವಣಗಾಂವ. ಭೀಮಾನದಿಯ ದಂಡೆಯ ಮೇಲಿದೆ. ನದಿಯ ಆಚೆಗೆ ಕಲಬುರ್ಗಿ ಜಿಲ್ಲೆ, ಈಚೆಗೆ ನಮ್ಮ ವಿಜಯಪುರ ಜಿಲ್ಲೆ. ಮಳೆಗಾಲದಲ್ಲಿ ನಮ್ಮನ್ನು ಹೆದರಿಸುವ ಭೀಮೆಯು ಬೇಸಿಗೆಯಲ್ಲಿ ಉಸುಕಿನ ನಡುವೆ ಎಳೆಯಷ್ಟಾಗಿ ಹರಿಯುತ್ತಾಳೆ. ಏಪ್ರಿಲ್ ಬಂತೆಂದರೆ ಎರೆಹೊಲಗಳು ಬಾಯಿ ಬಿಡುತ್ತವೆ. ಮಧ್ಯಾಹ್ನದಲ್ಲಿ 40 ಡಿಗ್ರಿ ದಾಟಿದ ಬಿಸಿಲು ನಮಗೆ ಸುದ್ದಿಯೇ ಅಲ್ಲ. ಈ ಬಿಸಿಲಿನೊಡನೆ ಬಾಳುವೆ ಮಾಡುವ ಒಂದು ಕ್ರಮವನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರು. ಗೇಣುಗಟ್ಟಲೆ ದಪ್ಪವಾದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲೊಂದು ಬೆಳಕಿಂಡಿ. ಹೊರಗೆ ಬೆಂಕಿ ಸುರಿಯುತ್ತಿದ್ದರೂ ಪಡಸಾಲೆಯಲ್ಲಿ ಒಂದು ಕಂಬಳಿ ಹಾಸಿಕೊಂಡು ಸುಖವಾಗಿ ಮಲಗಬಹುದಾಗಿತ್ತು.

ನಮ್ಮ ಅಂಥ ಮನೆಯು 2020ರ ಅಕ್ಟೋಬರ ತಿಂಗಳ ಮಳೆ ಮತ್ತು ಭೀಮೆಯ ಮಹಾಪೂರದ ಕಾಲಕ್ಕೆ ಸೋರಿ, ಒಂದು ಗೋಡೆ ಜರಿದು, ವಾಸಕ್ಕೆ ಬಾರದಂತಾಯಿತು. ಮರುವರ್ಷ ಅದನ್ನು ಕೆಡವಿ ಸಿಮೆಂಟಿನ ಸ್ಲ್ಯಾಬಿನ ಮನೆ ಕಟ್ಟಿಸಿದೆವು. ನೋಡಲು ಚೆಂದವಾಯಿತು, ಸೋರುವದು ತಪ್ಪಿತು. ಆದರೆ ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬು ರಾತ್ರಿಯೆಲ್ಲ ಅದನ್ನು ನಮ್ಮ ಮೇಲೆ ಉಗುಳತೊಡಗಿತು. 2024ರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅಜ್ಜ ಕೂತಲ್ಲಿಯೇ ಕಣ್ಣು ಕತ್ತಲೆಗೂಡಿಸಿಕೊಂಡು ಬಿದ್ದುಬಿಟ್ಟ. ಸುದ್ದಿ ಕೇಳಿ ಪುಣೆಯಲ್ಲಿದ್ದ ಕಾಕಾ ಓಡಿಬಂದು, ಎಂಟು ದಿನಗಳಲ್ಲಿ ಅಜ್ಜನ ಕೋಣೆಗೆ ಒಂದು ಎ.ಸಿ. ಕೂಡ್ರಿಸಿಯೇ ಹಿಂತಿರುಗಿದ. ಪಠ್ಯಪುಸ್ತಕಗಳು ಇದನ್ನು ಹವಾನಿಯಂತ್ರಣ ಯಂತ್ರವೆಂದು ಕರೆಯುತ್ತವೆ. ನಮ್ಮ ಅಜ್ಜ ಮಾತ್ರ "ತಂಪಿನ ಪೆಟಗಿ" ಎನ್ನುತ್ತಾನೆ. ಪೆಟ್ಟಿಗೆಗಳು ಎರಡು. ಒಂದು ಕೋಣೆಯ ಒಳಗೆ, ಇನ್ನೊಂದು ಹೊರಗೆ. ಹೊರಗಿನದನ್ನು ಎಲ್ಲಿಡೋಣವೆಂದು ಮಿಸ್ತ್ರಿ ಕೇಳಿದಾಗ ಹಿತ್ತಲ ಕಡೆಯ ಗೋಡೆಯ ಬುಡವನ್ನು ತೋರಿಸಿದವನು ನಾನೇ. ಅಲ್ಲೊಂದು ಸಣ್ಣ ಸಿಮೆಂಟಿನ ಕಟ್ಟೆ ಹಾಕಿ ಅದರ ಮೇಲೆ ಕೂಡ್ರಿಸಿದರು. ಕೆಲಸ ಮುಗಿಯಿತೆಂದು ನಾನು ಕೈ ತೊಳೆದುಕೊಂಡೆ.

ಈಗ ನಮ್ಮ ಹುಲ್ಯಾನ ಪರಿಚಯ ಮಾಡಿಕೊಡಬೇಕು. ಹುಲ್ಯಾ ನಮ್ಮ ಹೊಲ-ಮನೆಗಳ ಕಾವಲುಗಾರ. ಉದ್ದ ಕಾಲು, ಒಳಗೆ ಸೇದಿದ ಹೊಟ್ಟೆ, ಚೂಪಾದ ಉದ್ದ ಮೂತಿ. ಅವನು ಮುಧೋಳದ ತಳಿಯವನೆಂದು ಅಜ್ಜನ ವಾದ. ಅರ್ಧ ಮುಧೋಳ, ಅರ್ಧ ದೇವಣಗಾಂವ ಎಂದು ಅಪ್ಪನ ತೀರ್ಪು. ಮುಧೋಳದ ನಾಯಿಯ ಕೀರ್ತಿಯನ್ನು ನಾನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯನ್ನು ಪ್ರೀತಿಯಿಂದ ಬೆಳೆಯಿಸಿದರು. 2005ರಲ್ಲಿ ಭಾರತ ಸರಕಾರದ ಅಂಚೆ ಇಲಾಖೆಯು ಅದರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ, ಈ ತಳಿಗೆಂದೇ ಒಂದು ಸಂಶೋಧನ ಕೇಂದ್ರವಿದೆ. ಗಿಡ್ಡ ಕೂದಲು, ತೆಳು ಮೈ, ಉದ್ದ ಮೂಗು — ಇವೆಲ್ಲ ನಮ್ಮ ಬಿಸಿಲ ನಾಡಿಗೆ ಅಳತೆ ಮಾಡಿ ಹೊಲಿದ ಅಂಗಿಯಂತೆ ಅದಕ್ಕೆ ಒಪ್ಪಿವೆ.

ಹುಲ್ಯಾನಿಗೆ ಎ.ಸಿ. ಎಂದರೇನೆಂದು ಗೊತ್ತಿರಲಿಲ್ಲ. ಆದರೆ ತಂಪು ಎಂದರೇನೆಂಬುದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಮನೆಯ ಹಿತ್ತಲಲ್ಲಿ, ಗೋಡೆಯ ಬುಡಕ್ಕೆ, ಮಧ್ಯಾಹ್ನವೆಲ್ಲ ನೆರಳು ಬೀಳುವ ಒಂದು ಜಾಗ. ಅಲ್ಲಿ ಪ್ರತಿ ಬೇಸಿಗೆಗೂ ಅವನು ಮುಂಗಾಲಿನಿಂದ ಮಣ್ಣು ಕೆದರಿ ತನ್ನ ಮೈಯಷ್ಟೇ ಒಂದು ತಗ್ಗು ತೋಡಿಕೊಳ್ಳುತ್ತಿದ್ದ. ಮೇಲಿನ ಮಣ್ಣು ಕಾಯ್ದಿದ್ದರೂ ಒಳಗಿನದು ತಣ್ಣಗಿರುತ್ತದೆ. ಅದರಲ್ಲಿ ಹೊಟ್ಟೆ ಆನಿಸಿ ಮಲಗುತ್ತಿದ್ದ. ಪಕ್ಕದಲ್ಲಿಯೇ ಒಂದು ಹಳೆಯ ಕಲ್ಲಿನ ಡೋಣಿಯಲ್ಲಿ ನೀರು. ಬಿಸಿಲು ಇಳಿಯುವವರೆಗೆ ಅಲ್ಲಿಂದ ಕದಲುತ್ತಿರಲಿಲ್ಲ.

ಕಳೆದ 2025ರ ಏಪ್ರಿಲ್ ಕೊನೆಗೆ ಕಾಕಾ-ಕಾಕು ಇಬ್ಬರೂ ಮಗಳನ್ನು ಕರೆದುಕೊಂಡು ಒಂದು ತಿಂಗಳು ಪರವೂರಿಗೆ ಹೋಗಬೇಕಾಗಿ ಬಂತು. ತಮ್ಮ ನಾಯಿಯನ್ನು ನಮ್ಮಲ್ಲಿ ಬಿಟ್ಟುಹೋದರು. ಅದರ ಹೆಸರು ಕೋಕೊ. ಎರಡೇ ದಿನಗಳಲ್ಲಿ ನಮ್ಮ ಓಣಿಯವರ ಬಾಯಲ್ಲಿ ಅದು ಕೋಕ್ಯಾ ಆಯಿತು. ಪಗ್ ಎಂಬ ಜಾತಿ. ಮೂಲತಃ ಚೀನ ದೇಶದ್ದು. 2003ರಲ್ಲಿ ಟಿ.ವಿ.ಯಲ್ಲಿ ಬಂದ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಿಂದ ಈ ಜಾತಿ ನಮ್ಮ ದೇಶದ ಮನೆಮನೆಗೂ ಪರಿಚಿತವಾಯಿತು. ಗುಂಡು ಮೈ, ಗಿಡ್ಡ ಕಾಲು, ಹೊರಗೆ ಉಬ್ಬಿದ ಕಣ್ಣು. ಮೂಗು ಮಾತ್ರ ಯಾರೋ ಅಂಗೈಯಿಂದ ಒತ್ತಿಬಿಟ್ಟಂತೆ ಮುಖದೊಳಗೆ ಹೋಗಿತ್ತು. "ಇದರ ಮೂಗ ಎಲ್ಲಿ ಕಳದು ಬಂದ್ರಿ?" ಎಂದು ನೆರೆಮನೆಯ ಅಜ್ಜಿ ಕೇಳಿದಳು. ನಾವೆಲ್ಲ ನಕ್ಕೆವು. ನಗುವ ಮಾತು ಅದಾಗಿರಲಿಲ್ಲವೆಂದು ಆಮೇಲೆ ತಿಳಿಯಿತು.

ಕೋಕ್ಯಾ ಪುಣೆಯಲ್ಲಿ ಹಗಲು-ರಾತ್ರಿ ಎ.ಸಿ.ಯಲ್ಲಿಯೇ ಬೆಳೆದದ್ದು. ನಮ್ಮಲ್ಲಿಯೂ ಅದಕ್ಕೆ ಅಜ್ಜನ ಕೋಣೆಯೇ ಠಾಣ್ಯವಾಯಿತು. ಅದಕ್ಕೆ ತಂಪು ಸಾಲಲಿಕ್ಕಿಲ್ಲವೆಂದು ನಾನು ಯಂತ್ರವನ್ನು 20 ಡಿಗ್ರಿಗೆ ಇಳಿಸಿಡುತ್ತಿದ್ದೆ. ಅಜ್ಜ ಮೇ ತಿಂಗಳಲ್ಲಿ ಕೌದಿ ಹೊದ್ದು ಮಲಗುವ ಪ್ರಸಂಗ ಬಂತು. ಅವ್ವ ಹೊಲದಿಂದ ಬಂದು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, "ಹೊಲದಾಗ ಹೆಣ್ಣಮಕ್ಕಳಿಗಿ ಕುಂದರಾಕ ನೆಳ್ಳಿಲ್ಲ, ಇಲ್ಲಿ ನಾಯಿಗಿ ಎ.ಸಿ.!" ಎಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆದರೆ ಕಾಕಾನ ಮಗಳು, ಎಂಟು ವರ್ಷದ ಹುಡುಗಿ, ದಿನಾಲು ಸಂಜೆ ಫೋನು ಮಾಡಿ, "ಅಣ್ಣಾ, ಕೋಕೊ ಊಟಾ ಮಾಡಿತೇನು?" ಎಂದು ಕೇಳುತ್ತಿದ್ದಳು. ಅವಳ ಜೀವ ಇದರಲ್ಲಿತ್ತು.

ಮೇ ತಿಂಗಳ ಮೊದಲ ವಾರ. ಸಂಜೆ ನಾಲ್ಕೂವರೆ ಆಗಿರಬೇಕು. ಹೊತ್ತು ಇಳಿಯಿತಲ್ಲ, ನಾಯಿಗೆ ಹೊಳೆ ತೋರಿಸಿಕೊಂಡು ಬರೋಣವೆಂದು ನಾನು ಕೋಕ್ಯಾನ ಸರಪಳಿ ಹಿಡಿದು ಹೊರಟೆ. ಒಳಗೆ 20 ಡಿಗ್ರಿ, ಹೊರಗೆ ಇನ್ನೂ 40ರ ಮೇಲೆ. ಬಾಗಿಲು ತೆರೆದು ಒಂದು ಹೆಜ್ಜೆ ಇಟ್ಟೊಡನೆ ಅದು ಎರಡು ಋತುಗಳನ್ನು ದಾಟಿದಂತಾಯಿತು. ನನಗೆ ಕಾಲಲ್ಲಿ ಚಪ್ಪಲಿಗಳಿದ್ದವು, ಅದಕ್ಕೆ ಬರಿಗಾಲು. ಮೊದಮೊದಲು ಕುಣಿದಾಡಿತು. ಹೊಳೆಯ ಹಾದಿ ಅರ್ಧ ಆಗುವಷ್ಟರಲ್ಲಿ ಗೊರಗೊರ ಸಪ್ಪಳ ಮಾಡುತ್ತ ಏದತೊಡಗಿತು. ದಣಿದಿರಬೇಕೆಂದು ಹಿಂದಕ್ಕೆ ತಿರುಗಿಸಿದೆ. ಊರ ಅಗಸಿ ಕಾಣುವಾಗ ಅದರ ಕಾಲುಗಳು ಅಡ್ಡಾದಿಡ್ಡಿ ಬೀಳಹತ್ತಿದವು. ಬಾಯಿಂದ ಅಂಟಂಟಾದ ಜೊಲ್ಲು. ವಸಡು ಕೆಂಪಗೆ ದಾಸಾಳದ ಬಣ್ಣಕ್ಕೆ ತಿರುಗಿತ್ತು. ಒಮ್ಮೆ ವಾಂತಿ ಮಾಡಿಕೊಂಡು ಬಿದ್ದುಬಿಟ್ಟಿತು.

ನಾನು ಅದನ್ನು ಎತ್ತಿಕೊಂಡು ಓಡಿದೆ. ಕೈಗೆ ಮೈ ಚುರ್ರೆನ್ನುತ್ತಿತ್ತು. ಮನೆಗೆ ಬಂದು ಒಂದು ಕೌದಿಯನ್ನು ನೀರಲ್ಲಿ ಅದ್ದಿ ಮೈತುಂಬ ಸುತ್ತಿ, ಬೈಕಿನ ಮೇಲೆ ಆಲಮೇಲಕ್ಕೆ ಒಯ್ಯಬೇಕೆಂದು ಗಡಬಡಿಸುತ್ತಿದ್ದೆ. ಆ ಹೊತ್ತಿಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರು ನಮ್ಮ ಅಂಗಳಕ್ಕೆ ಬಂದರು. ನೋಡಿದವರೇ, "ಕೌದಿ ತಗೀ ತಮ್ಮಾ, ಒಳಗಿನ ಝಳಾ ಒಳಗೇ ಕುದೀತದ. ನೆಳ್ಳಿಗಿ ಹಾಕು. ನೀರ ಹೊಡಿ, ಗಾಳಿ ಹಾಕು" ಎಂದು ಕೌದಿಯನ್ನು ತಾವೇ ಎಳೆದೊಗೆದರು. ಅಪ್ಪ ಕೊಡದಿಂದ ನೀರು ಸುರಿದರು. ಅವ್ವ ಮೊರ ಹಿಡಿದು ಬೀಸಿದಳು. ಕುರುಬರ ಆ ಹಿರಿಯರು ತಮ್ಮ ತಲೆಯ ರುಮಾಲು ಬಿಚ್ಚಿ ಅದರಿಂದಲೇ ಗಾಳಿ ಹಾಕಿದರು. ಬಾಯೊಳಗೆ ನೀರು ಹೊಯ್ಯಲು ಹೋದ ನನ್ನನ್ನು, "ಗಂಟಲಿಗಿ ಸಿಗತದ, ತಾನಾಗಿ ನೆಕ್ಕಿದರ ನೆಕ್ಕಲಿ" ಎಂದು ತಡೆದರು. ಇತ್ತ ಸಂಜೆಯ ಫೋನು ಬಾರಿಸುತ್ತಲೇ ಇತ್ತು. ನಾನು ಎತ್ತಲಿಲ್ಲ. ಎತ್ತಿ ಏನು ಹೇಳಲಿ?

ಫೋನು ಮಾಡಿ ಕರೆಯಿಸಿದ ಪಶುವೈದ್ಯರು ಸುಮಾರು ಒಂದು ತಾಸಿನ ಮೇಲೆ ಬಂದರು. ಆಗ ಅದರ ಮೈ 104 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ನಾಯಿಗೆ 101ರಿಂದ 102.5ರವರೆಗೆ ಸಹಜ. 106ರ ಹತ್ತಿರ ಹೋಯಿತೆಂದರೆ ಮೆದುಳು, ಮೂತ್ರಪಿಂಡ, ಕರುಳುಗಳಿಗೆ ಪೆಟ್ಟು ಬೀಳತೊಡಗುತ್ತದೆ. "ನೀವು ನೀರು ಹಾಕದೆ ಹಾಗೇ ಬೈಕಿನ ಮೇಲೆ ತಂದಿದ್ದರೆ ದಾರಿಯಲ್ಲಿಯೇ ಮುಗಿಯುತ್ತಿತ್ತು. ಮೊದಲು ತಂಪು, ಆಮೇಲೆ ದವಾಖಾನೆ" ಎಂದು ಹೇಳಿ ಸಲಾಯಿನ್ ಹಚ್ಚಿದರು. ಮೈ 103ಕ್ಕೆ ಇಳಿದಾಗ ನೀರು ಸುರಿಯುವದನ್ನು ನಿಲ್ಲಿಸಿದರು. ಇಲ್ಲವಾದರೆ ಅದು ಬೇಕಾದುದಕ್ಕಿಂತ ಕೆಳಗೆ ಜಾರುತ್ತದೆಯಂತೆ. ಎದ್ದು ನಿಂತಿತೆಂದು ನಂಬಬಾರದು, ಒಳಗಿನ ಪೆಟ್ಟು ಒಂದೆರಡು ದಿನಗಳ ಮೇಲೆ ಹೊರಬೀಳಬಹುದು ಎಂದು ಮರುದಿನ ರಕ್ತಪರೀಕ್ಷೆಯನ್ನೂ ಮಾಡಿಸಿದರು. ಕೋಕ್ಯಾ ಬದುಕಿತು.

ಸಲಾಯಿನ್ ಇಳಿಯುತ್ತಿರುವಾಗ ವೈದ್ಯರು ನನಗೆ ಒಂದು ಪಾಠವನ್ನೇ ಹೇಳಿದರು. ಕಲಾವಿಭಾಗದ ವಿದ್ಯಾರ್ಥಿಯಾದ ನಾನು ವಿಜ್ಞಾನದ ಪಾಠವನ್ನು ಇಷ್ಟು ಕಿವಿಗೊಟ್ಟು ಎಂದೂ ಕೇಳಿರಲಿಲ್ಲ. ಮನುಷ್ಯನು ಮೈಯೆಲ್ಲ ಬೆವರುತ್ತಾನೆ. ಆ ಬೆವರು ಆರುವಾಗ ಮೈ ತಂಪಾಗುತ್ತದೆ. ನಾಯಿಗೆ ಬೆವರು ಬರುವದು ಅಂಗಾಲಿನಲ್ಲಿ ಮಾತ್ರ. ಅದರ ಬೆವರಿನ ಕೆಲಸವನ್ನೆಲ್ಲ ನಾಲಿಗೆ, ಬಾಯಿ, ಮೂಗುಗಳೇ ಮಾಡಬೇಕು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲರಿಯಷ್ಟು ಉಷ್ಣವನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಮಣ್ಣಿನ ಕೊಡದೊಳಗಿನ ನೀರು ತಣ್ಣಗಾಗುವದು ಇದೇ ನ್ಯಾಯದಿಂದ. ನಾಯಿಯು ಮಿನಿಟಿಗೆ 200-300 ಸಲ ಏದುತ್ತ ತನ್ನ ನಾಲಿಗೆಯ ಹಸಿಯನ್ನು ಆರಿಸಿಕೊಳ್ಳುತ್ತದೆ. ಉದ್ದ ಮೂಗಿನ ಹುಲ್ಯಾನಿಗೆ ಈ ಗಾಳಿಯಾಡುವ ಹಾದಿ ವಿಶಾಲವಾಗಿದೆ. ಮೂಗೇ ಇಲ್ಲದ ಕೋಕ್ಯಾನಿಗೆ ಅದು ಇಕ್ಕಟ್ಟು. ಅದು ಹೆಚ್ಚು ಏದಿದಷ್ಟೂ ಆ ಏದುವ ಶ್ರಮದಿಂದಲೇ ಹೆಚ್ಚು ಕಾಯುತ್ತದೆ. ನೆರೆಮನೆಯ ಅಜ್ಜಿಯ ಪ್ರಶ್ನೆ ಎಷ್ಟು ಸರಿಯಾಗಿತ್ತು!

ಇನ್ನು ಎ.ಸಿ.ಯ ಮಾತು. ಅದು ಕೆಟ್ಟದ್ದಲ್ಲ, ಕೋಕ್ಯಾನಂಥ ನಾಯಿಗೆ ನಮ್ಮ ಬೇಸಿಗೆಯಲ್ಲಿ ಅದು ಅವಶ್ಯವೇ. ಕೆಟ್ಟದ್ದು ನಮ್ಮ ಅವಿವೇಕ. ಬಿಸಿಲಿಗೆ ನಾಯಿಯ ಮೈ ಹೊಂದಿಕೊಳ್ಳಲು ಹತ್ತಿಪ್ಪತ್ತು ದಿನಗಳಾದರೂ ಬೇಕು. ಸದಾ ತಂಪಿನಲ್ಲಿರುವ ನಾಯಿಗೆ ಆ ಅಭ್ಯಾಸವೇ ಆಗುವದಿಲ್ಲ. ಅದನ್ನು ಒಮ್ಮೆಲೆ ಹೊರಗೆ ಎಳೆದರೆ ಈಜು ಬಾರದವನನ್ನು ಬಾವಿಗೆ ನೂಕಿದಂತೆ. ಅಂದಿನಿಂದ ನಾನು ಯಂತ್ರವನ್ನು 26ರಲ್ಲಿ ಇಟ್ಟೆ. ಸರಕಾರವೂ 2020ರಿಂದ ಹೊಸ ಯಂತ್ರಗಳು ಮೊದಲಿಗೆ 24ರಲ್ಲಿಯೇ ಆರಂಭವಾಗಬೇಕೆಂದು ನಿಯಮ ಮಾಡಿದೆ. 20ಕ್ಕೆ ಇಳಿಸುವದು ನಮ್ಮ ಚಟ. ಹೊರಗೆ ಒಯ್ಯುವ ಮುಂಚೆ ಅರ್ಧ ತಾಸು ಯಂತ್ರವನ್ನು ನಿಲ್ಲಿಸಿ, ಕೋಣೆಯ ಬಾಗಿಲು ತೆರೆದು, ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿಸಿ, ಆಮೇಲೆ ಅಂಗಳ. ತಿರುಗಾಟವೆಲ್ಲ ಹೊತ್ತು ಮೂಡುವ ಮುಂಚೆ ಇಲ್ಲವೆ ಕತ್ತಲಾದ ಮೇಲೆ. ಕತ್ತಲಾದರೂ ಮೊದಲು ಮುಂಗೈಯನ್ನು ಏಳು ಎಣಿಸುವವರೆಗೆ ನೆಲಕ್ಕೆ ಹಚ್ಚಿ ನೋಡಬೇಕು. ನಮ್ಮ ಕೈ ತಾಳದ ನೆಲವನ್ನು ಅದರ ಅಂಗಾಲೂ ತಾಳಲಾರದು.

ತಂಪು ಗಾಳಿ ನೇರವಾಗಿ ಮೈಮೇಲೆ ಬೀಳದಂತೆ ಹಾಸಿಗೆಯನ್ನು ಮೂಲೆಗೆ ಸರಿಸಿದೆ. ಬರಿ ಟೈಲ್ಸಿನ ಮೇಲೆ ಮಲಗದಂತೆ ಒಂದು ಗೋಣಿ ಹಾಸಿದೆ. ಎ.ಸಿ.ಯು ಗಾಳಿಯಲ್ಲಿಯ ತೇವವನ್ನೂ ಹಿಂಡುತ್ತದೆ; ಉಬ್ಬುಗಣ್ಣಿನ ನಾಯಿಗೆ ಇದರಿಂದ ಕಣ್ಣು ಒಣಗಿ ಉರಿಯುತ್ತವೆ. ಆದ್ದರಿಂದ ಕುಡಿಯುವ ನೀರು ಕೋಣೆಯಲ್ಲಿ ಯಾವಾಗಲೂ ಇರಬೇಕು; ಕಣ್ಣು ಕೆಂಪಾದರೆ ವೈದ್ಯರಿಗೆ ತೋರಿಸಬೇಕು. ನಾಯಿಯ ಕೂದಲು ಯಂತ್ರದ ಜಾಳಿಗೆಯಲ್ಲಿ ಸಿಕ್ಕಿ ಗಾಳಿ ಕಟ್ಟುತ್ತದೆ. ಹದಿನೈದು ದಿನಕ್ಕೊಮ್ಮೆ ಅದನ್ನು ತೊಳೆಯಬೇಕು. ಎಲ್ಲಕ್ಕೂ ಮಿಗಿಲಾದದ್ದು ಇದು: ಎ.ಸಿ. ಹಚ್ಚಿ ಬಾಗಿಲು ಮುಚ್ಚಿ ನಾಯಿಯನ್ನು ಒಳಗೆ ಬಿಟ್ಟು ಎಲ್ಲಿಗೂ ಹೋಗಬಾರದು. ನಮ್ಮ ಹಳ್ಳಿಗಳಲ್ಲಿ ಕರೆಂಟು ಯಾವ ಗಳಿಗೆಯಲ್ಲಿ ಹೋಗುವದೆಂದು ಹೇಳಬಲ್ಲವರು ಯಾರು? ಕರೆಂಟು ಹೋದ ಮುಚ್ಚಿದ ಕೋಣೆ, ಬಿಸಿಲಿಗೆ ನಿಲ್ಲಿಸಿದ ಕಾರು — ಎರಡೂ ಒಲೆಗಳೇ. ಎ.ಸಿ. ಇಲ್ಲದವರು ಹೆದರಬೇಕಾಗಿಲ್ಲ. ನಮ್ಮದು ಮಂಗಳೂರಿನಂಥ ತೇವದ ಸೆಕೆಯಲ್ಲ, ಒಣ ಬಿಸಿಲು. ನೀರಿನ ಕೂಲರು, ಕಿಡಿಕಿಗೆ ಕಟ್ಟಿದ ಒದ್ದೆ ಗೋಣಿತಾಟು ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಒಂದು ಕಿಡಿಕಿ ಮಾತ್ರ ತೆರೆದಿರಬೇಕು. ಇಲ್ಲವಾದರೆ ಕೋಣೆಯಲ್ಲಿ ತೇವ ತುಂಬಿ ನಾಯಿಯ ನಾಲಿಗೆ ಆರದೆ ಹೋಗುತ್ತದೆ.

ಇಷ್ಟಕ್ಕೆ ಲೇಖನ ಮುಗಿಸಿದ್ದರೆ ನಾನು ಒಳ್ಳೆಯವನೆಂದು ತೋರಿಸಿಕೊಳ್ಳಬಹುದಾಗಿತ್ತು. ಆದರೆ ಹೇಳಬೇಕಾದ ಮಾತು ಇನ್ನೂ ಉಳಿದಿದೆ.

ಕೋಕ್ಯಾನನ್ನು ನೋಡಿ ಮುಗಿಸಿದ ವೈದ್ಯರು ಕೈ ತೊಳೆದುಕೊಳ್ಳಲು ಹಿತ್ತಲಿಗೆ ಬಂದರು. ಅಲ್ಲಿ ಎ.ಸಿ.ಯ ನಳಿಗೆಯಿಂದ ತೊಟ್ಟಿಕ್ಕುವ ನೀರನ್ನು ಒಂದು ಬಡಕಲು ನಾಯಿ ನೆಕ್ಕುತ್ತ ನಿಂತಿತ್ತು. ಪಕ್ಕೆಲುಬು ಎಣಿಸುವಂತಿದ್ದವು. ಬೆನ್ನಿನ ಮೇಲೆ ಅಲ್ಲಲ್ಲಿ ಕೂದಲು ಉದುರಿತ್ತು. ವೈದ್ಯರು ಕೇಳಿದರು: "ಇದು ಯಾರ ನಾಯಿ?"

"ನಮ್ಮದೇ ರೀ" ಎಂದೆ.

"ಇದಕ್ಕೇನಾಗಿದೆ?"

ಅಲ್ಲಿ ನಾನಿದ್ದೆ, ಅಪ್ಪ ಇದ್ದರು, ಅವ್ವ ಇದ್ದಳು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ನಾವ್ಯಾರೂ ನೋಡಿಯೇ ಇರಲಿಲ್ಲ.

ಆಗ ನಾನು ಎರಡು ಹೆಜ್ಜೆ ಮುಂದೆ ಹೋದೆ. ಆ ಹೊರಪೆಟ್ಟಿಗೆಯ ಮುಂದೆ ನಿಂತಾಗ ಒಲೆಯ ಬಾಯಿ ತೆರೆದಂತೆ ಬಿಸಿಗಾಳಿ ಮೊಳಕಾಲಿಗೆ ಬಡಿಯಿತು. ಆ ಸಿಮೆಂಟಿನ ಕಟ್ಟೆ ಇದ್ದದ್ದು ಹುಲ್ಯಾ ಪ್ರತಿವರ್ಷ ತೋಡಿಕೊಳ್ಳುತ್ತಿದ್ದ ತಗ್ಗಿನ ಮೇಲೆ. ಕಲ್ಲಿನ ಡೋಣಿಯನ್ನು ಮಿಸ್ತ್ರಿಗೆ ಅಡ್ಡವಾಗುತ್ತದೆಂದು ಉರುಳಿಸಿ ಗೋಡೆಗೆ ಆನಿಸಿ ಇಟ್ಟಿದ್ದೆವು. ಅದನ್ನು ಮತ್ತೆ ಯಾರೂ ಸ್ವಸ್ಥಾನಕ್ಕೆ ತಂದಿರಲಿಲ್ಲ. ಒಂದಲ್ಲ, ಎರಡು ಬೇಸಿಗೆಗಳು! ಅಷ್ಟು ದಿನ ಹುಲ್ಯಾ ದನದ ಕೊಟ್ಟಿಗೆಯ ತಗಡಿನ ಕೆಳಗೆ ಮಲಗಿದ್ದ. ಬಿಸಿಲಲ್ಲಿ ಕಾಯ್ದ ತಗಡಿನ ಕೆಳಗೆ ನೆರಳಿರುತ್ತದೆ, ತಂಪಿರುವದಿಲ್ಲ. ನೀರಡಿಸಿದಾಗ ಈ ನಳಿಗೆಯ ಹನಿಗಳನ್ನು ನೆಕ್ಕಿದ್ದ. ಅದು ಯಂತ್ರದ ಲೋಹದ ಸುರುಳಿಗಳ ಮೇಲೆ ಕಟ್ಟಿದ ಹನಿ; ಧೂಳು, ಬೂಜುಗಳನ್ನು ತೊಳೆದುಕೊಂಡು ಬರುವ ನೀರು; ಯಾವ ಪ್ರಾಣಿಗೂ ಕುಡಿಯಲು ಯೋಗ್ಯವಲ್ಲ. ಹುಲ್ಯಾ ಒಮ್ಮೆಯೂ ಕುಂಯಿ ಎನ್ನಲಿಲ್ಲ. ರಾತ್ರಿ ಕಾವಲು ಬಿಡಲಿಲ್ಲ.

ಎ.ಸಿ.ಯ ಇತಿಹಾಸವನ್ನು ನಾನು ಆಮೇಲೆ ಓದಿದೆ. 1902ರಲ್ಲಿ ಅಮೇರಿಕದ ವಿಲ್ಲಿಸ್ ಕ್ಯಾರಿಯರ್ ಎಂಬ ಎಂಜಿನಿಯರರು ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಒಂದು ಮುದ್ರಣಾಲಯಕ್ಕಾಗಿ ಇದನ್ನು ರಚಿಸಿದರು. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಸರಿಯಾಗಿ ಕೂಡ್ರುತ್ತಿರಲಿಲ್ಲವಂತೆ. ಎಂದರೆ ಇದು ಮೊದಲು ಹುಟ್ಟಿದ್ದು ಮನುಷ್ಯನಿಗಾಗಿ ಅಲ್ಲ, ನಾಯಿಗಾಗಿಯೂ ಅಲ್ಲ, ನಮ್ಮ ಈ ಸಂಚಿಕೆಯಂಥ ಕಾಗದಕ್ಕಾಗಿ! ಓದುವಾಗ ನನ್ನ ಮನಸ್ಸಿಗೆ ನಾಟಿದ್ದು ಬೇರೆಯ ಒಂದು ಸಂಗತಿ. ಈ ಯಂತ್ರವು ತಂಪನ್ನು ಹುಟ್ಟಿಸುವದಿಲ್ಲ. ಕೋಣೆಯಲ್ಲಿಯ ಉಷ್ಣವನ್ನು ಎತ್ತಿ ಹೊರಗೆ ಒಗೆಯುತ್ತದೆ. ಅಷ್ಟೇ ಅಲ್ಲ, ತಾನು ನುಂಗಿದ ವಿದ್ಯುತ್ತಿನ ಉಷ್ಣವನ್ನೂ ಅದಕ್ಕೆ ಸೇರಿಸಿ ಒಗೆಯುತ್ತದೆ. ಒಳಗೆ ಕಳೆದದ್ದಕ್ಕಿಂತ ಹೊರಗೆ ಕೂಡಿದ್ದೇ ಹೆಚ್ಚು. ಹಾಗಾದರೆ ಆ ಹೊರಗೆ ಯಾರಿದ್ದಾರೆ? ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿರಲಿಲ್ಲ. ಜಾಗ ತೋರಿಸಿದ್ದು ನಾನು. ನನ್ನ ಬೆರಳಿನ ತುದಿಯಲ್ಲಿ ಹುಲ್ಯಾ ಮಲಗಿದ್ದನ್ನು ನಾನು ಕಂಡಿರಲಿಲ್ಲ.

ಅಂದು ರಾತ್ರಿ ಅಜ್ಜನ ಮುಂದೆ ಇದನ್ನು ಹೇಳಿದೆ. ಅಜ್ಜ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಧರ್ಮರಾಯ ನಾಯಿನ ಹೊರಗ ಬಿಟ್ಟು ಸ್ವರ್ಗದಾಗ ಕಾಲಿಡೂದಿಲ್ಲ ಅಂದಿದ್ದನಂತ. ನಾ ಎರಡ ವರ್ಷ ಆತು ಒಳಗ ಮಲಗೀನಿ, ಹುಲ್ಯಾ ಎಲ್ಲಿ ಅದ ಅಂತ ಒಂದ ದಿನಾ ಕೇಳಲಿಲ್ಲ ನೋಡು." ತಪ್ಪು ಅವನದಾಗಿರಲಿಲ್ಲ. ಆದರೂ ಅವನು ಅದನ್ನು ಹಂಚಿಕೊಂಡ.

ಮರುವಾರ ಮಿಸ್ತ್ರಿಯನ್ನು ಕರೆಯಿಸಿ ಹೊರಪೆಟ್ಟಿಗೆಯನ್ನು ಮಾಳಿಗೆಯ ಮೇಲಕ್ಕೆ, ಗಾಳಿ ಮೇಲೆ ತೂರಿಹೋಗುವ ಕಡೆಗೆ ಸಾಗಿಸಿದೆವು. ನಳಿಗೆಯ ನೀರನ್ನು ಬಚ್ಚಲದ ಗಟಾರಕ್ಕೆ ಬಿಟ್ಟೆವು. ಖರ್ಚು ತಗಲಿತು, ಅಪ್ಪ ಗೊಣಗಲಿಲ್ಲ. ಸಿಮೆಂಟಿನ ಕಟ್ಟೆಯನ್ನು ನಾನೇ ಹಾರೆ ಹಿಡಿದು ಒಡೆದೆ. ಎರಡು ದಿನ ಹಿಡಿಯಿತು. ಅಂಗೈ ಬೊಬ್ಬೆ ಬಂದವು. ಮಣ್ಣನ್ನು ಅಗೆದು ಹಗುರ ಮಾಡಿ, ಭೀಮೆಯ ಉಸುಕು ತಂದು ಬೆರೆಸಿ, ನೀರು ಚಿಮುಕಿಸಿದೆ. ಡೋಣಿಯನ್ನು ತೊಳೆದು ಮೊದಲಿನ ಜಾಗದಲ್ಲಿ ಇಟ್ಟೆ. ಅವ್ವ ಈಗ ದಿನಾಲು ಮುಂಜಾನೆ ಎಲ್ಲರಿಗಿಂತ ಮೊದಲು ಅದನ್ನು ತುಂಬಿಸುತ್ತಾಳೆ. ವೈದ್ಯರು ಹುಲ್ಯಾನ ಮೈಗೆ ಔಷಧಿ ಕೊಟ್ಟರು; ಕೂದಲು ಮತ್ತೆ ಬಂದಿವೆ. ಕೋಕ್ಯಾ ಜೂನ್ ಮೊದಲಿಗೆ ಪುಣೆಗೆ ಸುಖವಾಗಿ ಹಿಂತಿರುಗಿತು. ಕಾಕಾನ ಮಗಳಿಗೆ ನಡೆದದ್ದನ್ನೆಲ್ಲ ನಾನೇ ಹೇಳಿದೆ. ಅವಳು ಅಳಲಿಲ್ಲ. "ಹುಲ್ಯಾಗೂ ಒಂದ ಎ.ಸಿ. ತರೋಣು ಅಣ್ಣಾ" ಎಂದಳು. ಅವನಿಗೆ ಎ.ಸಿ. ಬೇಡ, ಅವನ ಜಾಗ ಅವನಿಗೆ ಸಿಕ್ಕರೆ ಸಾಕು ಎಂದೆ.

ಆದರೆ ಹುಲ್ಯಾ ಆ ಜಾಗಕ್ಕೆ ಬರಲಿಲ್ಲ. ಡೋಣಿಯ ನೀರು ಕುಡಿಯುತ್ತಾನೆ. ಕುಡಿದು ನೆರೆಮನೆಯ ಬೇವಿನ ಗಿಡದ ಕೆಳಗೆ ಹೋಗಿ ಮಲಗುತ್ತಾನೆ. ಕರೆದರೆ ಬಾಲ ಅಲ್ಲಾಡಿಸುತ್ತಾನೆ, ಏಳುವದಿಲ್ಲ. ಕಲ್ಲಿನ ಡೋಣಿಯನ್ನು ಸ್ವಸ್ಥಾನಕ್ಕೆ ತರುವದು ಸುಲಭ. ಒಂದು ಪ್ರಾಣಿಯ ನಂಬಿಕೆಯನ್ನು ತರುವದು ಅಷ್ಟು ಸುಲಭವಲ್ಲ.

ಈ ವರುಷದ ಶಿವರಾತ್ರಿಗೆ ಊರಿಗೆ ಹೋಗಿದ್ದೆ. ಚಳಿ ಹಿಂದೆ ಸರಿದು ಬಿಸಿಲು ಕಣ್ಣು ತೆರೆಯುತ್ತಿತ್ತು. ಮಧ್ಯಾಹ್ನ ಅಜ್ಜ ಹಿತ್ತಲ ಬಾಗಿಲಲ್ಲಿ ಕೂತು ನನ್ನನ್ನು ಸನ್ನೆ ಮಾಡಿ ಕರೆದ. ಹುಲ್ಯಾ ಬಂದಿದ್ದ. ನೀರು ಕುಡಿದು, ಗೋಡೆಯ ಬುಡಕ್ಕೆ ಹೋಗಿ ಮೂಸಿ ನೋಡಿದ. ಮುಂಗಾಲಿನಿಂದ ಎರಡು ಸಲ ಮಣ್ಣು ಕೆದರಿದ. ಒಂದು ಸುತ್ತು ಹಾಕಿದ. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಆಮೇಲೆ ಏನೆನ್ನಿಸಿತೋ, ತಿರುಗಿ ಬೇವಿನ ಗಿಡದ ಕಡೆಗೆ ನಡೆದುಬಿಟ್ಟ.

"ಹೋದನಲ್ಲೋ ಅಜ್ಜಾ" ಎಂದೆ.

"ಬಿಸಲ ಇನ್ನೂ ಮುಂದ ಅದಲ್ಲೋ, ತಡಿ" ಎಂದ ಅಜ್ಜ. ಕೋಲೂರಿ ಎದ್ದು, ಡೋಣಿಯಲ್ಲಿ ಎಷ್ಟು ನೀರಿದೆಯೆಂದು ಬಗ್ಗಿ ನೋಡಿದ.